ಚೆಲುವ ಟಗರು ಶಿವಾಜಿನಗರಕ್ಕೆ, ಉಳಿದದ್ದು ಹಿಂಡಿಗೆ: ಈ ಲೆಕ್ಕ ತಪ್ಪು

ಬಕ್ರೀದ್ ಹತ್ತಿರ ಬಂದಾಗ ಶಿವಾಜಿನಗರದ ರಸ್ತೆಬದಿಗೆ ಒಮ್ಮೆ ಹೋಗಿ ನೋಡಿ. ರಸೆಲ್ ಮಾರ್ಕೆಟ್ ಸುತ್ತಮುತ್ತ ಕಟ್ಟಿರುವ ಟಗರು, ಹೋತಗಳೆಲ್ಲ ನಮ್ಮ ಹಳ್ಳಿಗಳಿಂದ ಹೋದವೇ. ಅಗಲ ಬೆನ್ನು, ದಪ್ಪ ತೊಡೆ, ಊನವಿಲ್ಲದ ಮೈ. ಎರಡು ಹಲ್ಲು ಹಾಕಿರಬೇಕು, ಕುಂಟಿರಬಾರದು, ಕಣ್ಣು ಚೆನ್ನಾಗಿರಬೇಕು. ಕುರ್ಬಾನಿಗೆ ಕೊಳ್ಳುವವರು ಒಳ್ಳೆಯದನ್ನೇ ಹುಡುಕುತ್ತಾರೆ. ಅದು ಅವರ ಧರ್ಮ, ಅದರಲ್ಲಿ ತಪ್ಪೇನಿಲ್ಲ. ಹಬ್ಬದ ಸಂತೆ ನಮ್ಮ ಕುರಿಗಾರರಿಗೆ ಅನ್ನ ಕೊಡುತ್ತದೆ. ಅದರ ಮೇಲೆ ನಮ್ಮ ತಕರಾರಿಲ್ಲ.

ನಮ್ಮ ತಕರಾರು ಹಿಂದೆ ಉಳಿದ ಹಿಂಡಿನ ಬಗ್ಗೆ. ದಲ್ಲಾಳಿ ಬಂದು ಒಳ್ಳೆಯ ಟಗರುಗಳನ್ನೆಲ್ಲ ಆರಿಸಿಕೊಂಡು ಹೋದ ಮೇಲೆ ದೊಡ್ಡಿಯಲ್ಲಿ ಉಳಿಯುವುದು ಯಾವುದು? ಯಾರಿಗೂ ಬೇಡವಾದ ಪೀಚು ಟಗರು. ಮುಂದಿನ ವರ್ಷದ ಮರಿಗಳಿಗೆಲ್ಲ ಅದೇ ಅಪ್ಪ. ಭತ್ತ ಬೆಳೆಯುವವರು ಗಟ್ಟಿ ಕಾಳನ್ನು ಬೀಜಕ್ಕೆ ತೆಗೆದಿಟ್ಟು ಉಳಿದದ್ದನ್ನು ಮಾರುತ್ತಾರೆ. ಕುರಿಯಲ್ಲಿ ಮಾತ್ರ ನಾವು ಗಟ್ಟಿಯನ್ನು ಮಾರಿ ಜೊಳ್ಳನ್ನು ಬೀಜಕ್ಕೆ ಇಡುತ್ತಿದ್ದೇವೆ.

ಇದು ಬರೀ ನಮ್ಮ ಊಹೆ ಅಲ್ಲ. ಕೆನಡಾದ ಆಲ್ಬರ್ಟಾದಲ್ಲಿ ರ‍್ಯಾಮ್ ಮೌಂಟನ್ ಎಂಬ ಬೆಟ್ಟವಿದೆ. ಅಲ್ಲಿನ ಕಾಡುಕುರಿಗಳಲ್ಲಿ ದೊಡ್ಡ ಕೊಂಬಿನ ಟಗರುಗಳನ್ನೇ ಬೇಟೆಗಾರರು ಹೊಡೆಯುತ್ತಿದ್ದರು, ಕೊಂಬನ್ನು ಗೋಡೆಗೆ ಹಾಕಿಕೊಳ್ಳಲು. ಮೂವತ್ತು ವರ್ಷದ ಲೆಕ್ಕ ತೆಗೆದ ವಿಜ್ಞಾನಿಗಳು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಆ ಹಿಂಡಿನ ಟಗರುಗಳ ಕೊಂಬೂ ಸಣ್ಣದಾಗಿದೆ, ತೂಕವೂ ಇಳಿದಿದೆ. ಬೇಗ ಬೆಳೆಯುವ ಟಗರು ಸಂತಾನ ಬಿಡುವ ಮೊದಲೇ ಗುಂಡಿಗೆ ಬಲಿಯಾಗುತ್ತಿತ್ತು. ಎಷ್ಟು ಭಾಗ ಬೇಟೆಯಿಂದ, ಎಷ್ಟು ಭಾಗ ಮೇವಿನಿಂದ ಎಂಬ ವಾದ ಆಮೇಲೂ ನಡೆದಿದೆ. ಆದರೆ ಒಳ್ಳೆಯದನ್ನೇ ತೆಗೆಯುತ್ತ ಹೋದರೆ ಕೆಟ್ಟದ್ದು ಉಳಿಯುತ್ತದೆ ಎಂಬುದಕ್ಕೆ ವಿಜ್ಞಾನಿಯೇ ಬೇಕೆ? ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು.

ನಮ್ಮ ದೇಶದಲ್ಲಿ ವನ್ಯಜೀವಿ ಕಾಯ್ದೆಯಡಿ ಈಗ ಮೋಜಿನ ಬೇಟೆಗೆ ಅವಕಾಶವಿಲ್ಲ. ಅಮೆರಿಕದಲ್ಲಿ ಇಂದಿಗೂ ಬಿಲ್ಲು ಹಿಡಿದು ಗಂಡು ಜಿಂಕೆ ಹೊಡೆಯುವ ಋತು ಇದೆ. ಅಲ್ಲಿನ ಎಷ್ಟೋ ಬೇಟೆಗಾರರು ಎಳೆಯ ಗಂಡು ಎದುರಿಗೆ ಬಂದರೂ ಬಾಣ ಬಿಡುವುದಿಲ್ಲ. ಇನ್ನೆರಡು ವರ್ಷ ಬದುಕಲಿ, ಬೆಳೆಯಲಿ ಎಂದು ಕಾಯುತ್ತಾರೆ. ಕೊಲ್ಲಲು ಕೂತವನಿಗೇ ಅಷ್ಟು ತಾಳ್ಮೆ ಇದ್ದರೆ ಸಾಕುವವರಿಗೆ ಇರಬೇಡವೇ?

ಬನ್ನೂರು ಕುರಿಯನ್ನೇ ನೋಡಿ. ಮಂಡ್ಯ, ಮೈಸೂರು ಸೀಮೆಯ ತಳಿ. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದರೆ ತಲೆಕೆಳಗೆ ಮಾಡಿದ ಲಾಳದ ಹಾಗೆ. ಬೆಂಗಳೂರಿನಲ್ಲಿ ಆ ಹೆಸರಿನ ಬೋರ್ಡು ಬೇಕಾದಷ್ಟಿವೆ, ಶುದ್ಧ ತಳಿಯ ಕುರಿ ಹುಡುಕುವುದೇ ಕಷ್ಟ. ಹೆಸರು ಮಾಡಿದ ತಳಿಗೇ ಹೀಗಾದರೆ ಹೆಸರಿಲ್ಲದ ನಾಟಿ ಕುರಿಯ ಗತಿ ಏನು?

“ಜೂನ್‌ನಲ್ಲಿ ಬಿತ್ತನೆ, ಮಕ್ಕಳ ಶಾಲೆ ಫೀಸು, ಬಂದ ಬೆಲೆಗೆ ಮಾರದೆ ಏನು ಮಾಡೋಣ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. ಒಳ್ಳೆಯ ಟಗರನ್ನು ಈಗಲೇ ಮಾರಿದರೆ ಪೀಚಿಗಿಂತ ಹತ್ತು ಸಾವಿರ ಹೆಚ್ಚು ಸಿಕ್ಕಿತು ಎನ್ನಿ. ಒಂದು ಟಗರಿಗೆ 25-30 ಹೆಣ್ಣುಕುರಿ. ಒಳ್ಳೆಯ ಅಪ್ಪನಿಂದ ಒಂದೊಂದು ಮರಿ ಮಾರುವ ಹೊತ್ತಿಗೆ ಎರಡೇ ಕಿಲೋ ಹೆಚ್ಚು ತೂಗಿದರೂ 30 ಮರಿಗೆ 60 ಕಿಲೋ. ಕಿಲೋಗೆ 400 ಎಂದರೆ 24 ಸಾವಿರ. ಅದೂ ಒಂದೇ ವರ್ಷದ್ದು. ಆ ಟಗರು ಎಲ್ಲಿಗೂ ಓಡಿಹೋಗಿಲ್ಲ. ತನ್ನ ಮಕ್ಕಳನ್ನೇ ಕೂಡಬಾರದು ಎಂದು ಎರಡು ವರ್ಷಕ್ಕೊಮ್ಮೆ ಹೇಗೂ ಟಗರು ಬದಲಿಸಬೇಕು. ಆಗ ಅದನ್ನೇ ಹಬ್ಬಕ್ಕೆ ಮಾರಿ. ಮಾರಬೇಡಿ ಎನ್ನುತ್ತಿಲ್ಲ, ತಡವಾಗಿ ಮಾರಿ ಎನ್ನುತ್ತಿದ್ದೇವೆ.

ಮಾಡಬೇಕಾದದ್ದು ಇಷ್ಟು. ಮರಿಗೆ ಮೂರು ತಿಂಗಳಾದಾಗಲೇ ಆರಿಸಿ, ದಲ್ಲಾಳಿ ಬರುವ ದಿನವಲ್ಲ. ಹೆಚ್ಚು ಹಾಲು ಕೊಟ್ಟು ಮರಿ ಉಳಿಸಿಕೊಂಡ ತಾಯಿಯ ಮರಿ, ಬೇಗ ತೂಕ ಬಂದದ್ದು, ಎರಡೂ ಬೀಜ ಸರಿಯಾಗಿ ಇಳಿದದ್ದು, ಕಾಲು ನೆಟ್ಟಗಿರುವುದು. ಅಂಥ ಎರಡನ್ನು ಗುರುತು ಮಾಡಿ ಬಿಡಿ. ಉಳಿದವನ್ನು ಪಶುವೈದ್ಯರ ಕೈಯಲ್ಲಿ ಹಿಡ ಮಾಡಿಸಿ, ಇಲ್ಲವೇ ಹೆಣ್ಣುಕುರಿಗಳಿಂದ ಬೇರೆ ಕಟ್ಟಿ. ಹಿಡ ಮಾಡಿದ್ದೂ ಕುರ್ಬಾನಿಗೆ ಆಗುತ್ತದೆ. ಒಬ್ಬರಿಗೆ ಟಗರು ಇಟ್ಟುಕೊಳ್ಳಲು ಆಗದಿದ್ದರೆ ನಾಲ್ಕು ಮನೆಯವರು ಸೇರಿ ಇಟ್ಟುಕೊಳ್ಳಿ.

ಸರ್ಕಾರಕ್ಕೂ ಒಂದು ಮಾತು. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ, ಊರೂರಿಗೆ ಕುರಿಗಾರರ ಸಹಕಾರ ಸಂಘಗಳಿವೆ. ಎಷ್ಟು ಕುರಿ ಹಂಚಿದೆವು ಎಂದು ಎಣಿಸುವುದು ಸುಲಭ. ಯಾವ ಟಗರು ಹಿಂಡಿನಲ್ಲಿ ಉಳಿಯಿತು ಎಂದೂ ಕೇಳಿ. ಒಳ್ಳೆಯ ಟಗರನ್ನು ಎರಡು ವರ್ಷ ಉಳಿಸಿಕೊಂಡವರಿಗೆ ಹಬ್ಬದ ಸಮಯದಲ್ಲಿ ಕೈಸಾಲ ಕೊಡಿ. ಆಗ ದಲ್ಲಾಳಿಯ ಮುಂಗಡಕ್ಕೆ ಯಾರೂ ಕೈಚಾಚುವುದಿಲ್ಲ.

ಬಕ್ರೀದ್ ವರ್ಷವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ದಿನ ಹೆಚ್ಚುಕಡಿಮೆ ಮೊದಲೇ ಗೊತ್ತು. ಹಾಗಾಗಿ ಸಂತೆಗೆ ಹೋಗುವ ಟಗರು ಯಾವುದು, ಮನೆಯಲ್ಲಿ ಉಳಿಯುವ ಟಗರು ಯಾವುದು ಎಂದು ನೀವೇ ಮೊದಲೇ ತೀರ್ಮಾನಿಸಿ. ಆ ಆಯ್ಕೆಯನ್ನು ದಲ್ಲಾಳಿಗೆ ಬಿಟ್ಟುಕೊಡಬೇಡಿ.