ವಾಲ್ವಿನ ಧ್ವನಿವರ್ಧಕವನ್ನು ತಿದ್ದುವ ಕ್ರಮ

ದಿವಂಗತರಾದ ತಮ್ಮ ತೀರ್ಥರೂಪರು ಗ್ರಾಮಾಫೋನಿಗಾಗಿ ಸ್ವಹಸ್ತದಿಂದ ಕಟ್ಟಿದ್ದ ವಾಲ್ವಿನ ಧ್ವನಿವರ್ಧಕವೊಂದನ್ನು ಉತ್ತಮಪಡಿಸುವ ಬಗೆ ಯಾವುದೆಂದು ವಾಚಕರೊಬ್ಬರು ಪತ್ರಮುಖೇನ ಕೇಳಿದ್ದಾರೆ. ಅದರಲ್ಲಿರುವುದು ಮೂರೇ ವಾಲ್ವುಗಳು: ಇಸಿಸಿ 83 ಒಂದು, ಇಎಲ್ 84 ಒಂದು, ಮೈನ್ಸಿನ ಎ.ಸಿ.ಯನ್ನು ಡಿ.ಸಿ.ಯನ್ನಾಗಿ ಮಾಡುವ ಇಝಡ್ 80 ಒಂದು. ಯಂತ್ರವು ಸದಾ ಗುಂಯ್‌ಗುಡುತ್ತದೆಯಂತೆ. ಮೃದಂಗದ ತೊಪ್ಪಿಯ ನಾದವಂತೂ ಕೇಳಿಸುವುದೇ ಇಲ್ಲವಂತೆ. ಹೊರದೇಶದಿಂದ ಬೆಲೆಬಾಳುವ ಕಂಡೆನ್ಸರುಗಳನ್ನೂ ವಾಲ್ವುಗಳನ್ನೂ ತರಿಸಿ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿಬಿಡಲೇ ಎಂಬುದು ಅವರ ಪ್ರಶ್ನೆ.

ಹಾಗೆ ಮಾಡಲಾಗದು. ಓಲೆಗರಿಯ ಗ್ರಂಥವನ್ನು ಪರಿಷ್ಕರಿಸುವವರಲ್ಲಿ ಒಂದು ನಿಯಮವುಂಟು. ಪಾಠವು ಅಶುದ್ಧವೆಂದು ತೋರಿದರೂ ಅದನ್ನು ಅಳಿಸಕೂಡದು. ಮೊದಲಿದ್ದುದನ್ನು ಬರೆದಿಟ್ಟುಕೊಂಡು ಅನಂತರ ತಮ್ಮ ತಿದ್ದುಪಡಿಯನ್ನು ಸೂಚಿಸತಕ್ಕದ್ದು. ಲಿಪಿಕಾರನ ಪ್ರಮಾದವೆಂದು ನಾವು ಹೊಡೆದುಹಾಕುವುದೇ ಎಷ್ಟೋ ವೇಳೆ ಗ್ರಂಥಕರ್ತನ ಮೂಲಪಾಠವಾಗಿರುತ್ತದೆ. ತಂದೆಯವರು ಕಟ್ಟಿದ ಯಂತ್ರವೂ ಅಂತಹುದೇ. ಒಂದು ಸಲಕ್ಕೆ ಒಂದೇ ಮಾರ್ಪಾಟು. ಅದನ್ನು ಪುಸ್ತಕದಲ್ಲಿ ಬರೆದು, ಒಂದೆರಡು ದಿನ ಕೇಳಿ ನೋಡಿ, ಬಳಿಕ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಗುಣವಾವುದರಿಂದ ಬಂದಿತು, ದೋಷವಾವುದರಿಂದ ಬಂದಿತು ಎಂಬುದು ತಿಳಿಯುವ ಬಗೆಯೇ ಇಲ್ಲ.

ಮೊದಲು ಪ್ರಾಣದ ಮಾತು. ಈ ಯಂತ್ರದೊಳಗೆ 250ರಿಂದ 300 ವೋಲ್ಟಿನವರೆಗೆ ಡಿ.ಸಿ. ವಿದ್ಯುತ್ತಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳು ಅದನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡಿರುತ್ತವೆ; ಸ್ವಿಚ್ಚು ಆರಿಸಿದೆನೆಂದು ಕೈಹಾಕಿದವನು ಸಾಯಬಹುದು. ಆದಕಾರಣ 10,000 ಓಮ್, 5 ವಾಟಿನ ರೆಸಿಸ್ಟರೊಂದರ ಎರಡು ಕಾಲುಗಳಿಗೂ ಚೆನ್ನಾಗಿ ಹೊದಿಕೆಯುಳ್ಳ ತಂತಿಯನ್ನು ಬೆಸೆದುಕೊಂಡು, ಒಂದು ತುದಿಯನ್ನು ಚಾಸಿಗೆ ಕಚ್ಚಿಸಿ, ಇನ್ನೊಂದನ್ನು ಒಂದೊಂದು ದೊಡ್ಡ ಕಂಡೆನ್ಸರಿಗೂ ಕೆಲವು ಸೆಕೆಂಡು ಮುಟ್ಟಿಸಿ, ವೋಲ್ಟೇಜು ಸೊನ್ನೆಗಿಳಿದುದನ್ನು ಮೀಟರಿನಿಂದ ನೋಡಿಕೊಂಡಲ್ಲದೆ ಕೈಯಿಡಕೂಡದು. ಯಂತ್ರ ನಡೆಯುತ್ತಿರುವಾಗ ಅಳೆಯಬೇಕಾಗಿ ಬಂದರೆ ಒಂದೇ ಕೈಯಿಂದ ಅಳೆಯಲಿ. ಮಕ್ಕಳು ಆ ಕೊಠಡಿಯಲ್ಲಿರಬಾರದು. ಇನ್ನು, ಮೈನ್ಸ್ ಟ್ರಾನ್ಸ್‌ಫಾರ್ಮರೇ ಇಲ್ಲದೆ, ಯುಸಿಎಲ್ 82 ಮೊದಲಾದ ‘ಯು’ ಅಕ್ಷರದ ವಾಲ್ವುಗಳಿಂದ ಕಟ್ಟಿದ ಯಂತ್ರಗಳುಂಟು. ಅವುಗಳ ಚಾಸಿಯೇ ಮೈನ್ಸಿಗೆ ಸೇರಿರಬಹುದಾದುದರಿಂದ ಅವನ್ನು ಮನೆಯಲ್ಲಿ ಬಿಚ್ಚದಿರುವುದೇ ಲೇಸು.

ಗುಂಯ್‌ಕಾರದ ವಿಷಯ. ಯಂತ್ರವನ್ನು ಆರಿಸಿ, ತಣಿದ ಮೇಲೆ ಇಸಿಸಿ 83ನ್ನು ಕಿತ್ತು ಮತ್ತೆ ಚಾಲೂ ಮಾಡಿ ಕೇಳಬೇಕು. ಶಬ್ದವು ನಿಂತರೆ ಅದು ಮೊದಲ ಹಂತದಲ್ಲಿ ಸೇರಿಕೊಳ್ಳುತ್ತಿದೆ. ಹೀಟರಿನ ಎರಡು ತಂತಿಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಸೆದು ಚಾಸಿಯ ಮೂಲೆಯಲ್ಲಿ ಒತ್ತಿಟ್ಟರೆ, ಭೂಮಿಗೆ ಸೇರುವ ತಂತಿಗಳನ್ನು ಅಲ್ಲಲ್ಲಿ ಬೆಸೆಯದೆ ಒಂದೇ ಎಡೆಗೆ ತಂದರೆ, ಬಹುಮಟ್ಟಿಗೆ ಅಡಗುತ್ತದೆ. ಇದಕ್ಕೆ ತಗಲುವ ವೆಚ್ಚ ಅರ್ಧ ಗಜದ ತಂತಿ. ವಾಲ್ವನ್ನು ಕಿತ್ತರೂ ಶಬ್ದ ನಿಲ್ಲದಿದ್ದರೆ, ಮುದಿಯಾದ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳನ್ನು ಸಂಶಯಿಸಬೇಕು. ಅವನ್ನು ಬದಲಾಯಿಸಬೇಕಾದುದು ನ್ಯಾಯವೇ; ಆದರೆ ‘ದೊಡ್ಡದಾದಷ್ಟೂ ಒಳ್ಳೆಯದು’ ಎಂದು 32 ಮೈಕ್ರೊಫ್ಯಾರಡ್ ಇದ್ದೆಡೆಯಲ್ಲಿ 220ನ್ನು ಹಾಕುವವರಿದ್ದಾರೆ. ಇಝಡ್ 80ರ ಮುಂದಿನ ಮೊದಲ ಕಂಡೆನ್ಸರು 50ನ್ನು ಮೀರಕೂಡದೆಂದು ಅದನ್ನು ತಯಾರಿಸಿದವರೇ ಬರೆದಿದ್ದಾರೆ. ಮೀರಿದರೆ ಪ್ರತಿ ಸಲವೂ ಆ ವಾಲ್ವಿನ ಮೇಲೆ ವಿಪರೀತ ಕರೆಂಟಿನ ಹೊಡೆತ ಬಿದ್ದು ಅದು ಬೇಗನೆ ಕೆಡುತ್ತದೆ.

ಇಎಲ್ 84 ಹಾಳಾಗಿದೆಯೆಂದು ಊಹಿಸುವ ಬದಲು ಲೆಕ್ಕ ಹಾಕಬಹುದು. ಅದರ ಕ್ಯಾಥೋಡಿನಲ್ಲಿ ಸಾಮಾನ್ಯವಾಗಿ 135 ಓಮಿನ ರೆಸಿಸ್ಟರು ಇರುತ್ತದೆ. ಅದರ ಎರಡು ತುದಿಗಳ ನಡುವೆ 7.3 ವೋಲ್ಟು ಕಂಡರೆ, ಭಾಗಿಸಲು ಸುಮಾರು 54 ಮಿಲಿಯಾಂಪಿಯರ್ ಆಯಿತು. ಸ್ಕ್ರೀನಿನ ಪಾಲು ಐದೂವರೆಯನ್ನು ಕಳೆದರೆ ಪ್ಲೇಟಿಗೆ 48 ಉಳಿಯಿತು. ಪ್ಲೇಟಿನಲ್ಲಿ 250 ವೋಲ್ಟಿದ್ದರೆ ಗುಣಿಸಲು 12 ವಾಟು. ಆ ವಾಲ್ವು ತಡೆಯಬಲ್ಲ ಪರಮಾವಧಿಯೂ ಅದೇ. ಲೆಕ್ಕವು ಇದಕ್ಕಿಂತ ಬಹಳ ಕೆಳಗಿಳಿದರೆ ವಾಲ್ವು ಸೋತಿದೆ. ಬಹಳ ಮೇಲೇರಿದರೆ ಅಪರಾಧಿ ವಾಲ್ವಲ್ಲ. ಮೊದಲ ವಾಲ್ವಿನಿಂದ ಅದರ ಗ್ರಿಡ್ಡಿಗೆ ಧ್ವನಿಯನ್ನು ಒಯ್ಯುವ ಹಳೆಯ ಕಾಗದದ ಕಂಡೆನ್ಸರು ಸೋರುತ್ತಿರಬಹುದು. ಗ್ರಿಡ್ಡಿನಲ್ಲಿ ಸೊನ್ನೆಯಿರಬೇಕಾದಲ್ಲಿ ಒಂದೆರಡು ವೋಲ್ಟು ಕಂಡರೆ ಅದನ್ನು ಕೂಡಲೆ ತೆಗೆಯಬೇಕು. ಅದರ ಸ್ಥಾನಕ್ಕೆ 400 ವೋಲ್ಟು ತಡೆಯುವ ಸಾಮಾನ್ಯ ಪಾಲಿಪ್ರೊಪಿಲೀನ್ ಕಂಡೆನ್ಸರು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲ್ಪ ಬೆಲೆಗೆ ಸಿಕ್ಕುವುದನ್ನು ಸಮುದ್ರದಾಚೆಯಿಂದ ತರಿಸುವುದೇಕೆ? ಅದೇ ಊರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಹಿಂದೆ ಇಎಲ್ 84ನ್ನೂ ತಯಾರಿಸುತ್ತಿತ್ತು. ಹಳೆಯ ದಾಸ್ತಾನಿನಲ್ಲಿ ಆ ಮುದ್ರೆಯದು ದೊರೆತರೆ ಹಿಂಜರಿಯದೆ ಕೊಳ್ಳಬಹುದು.

ತೊಪ್ಪಿಯ ನಾದವು ಎಲ್ಲಿ ಹೋಯಿತು? ಬಹುಜನರು ಮೇಲೆ ಹೇಳಿದ ಗ್ರಿಡ್ಡಿನ ಕಂಡೆನ್ಸರನ್ನೇ ದೂರುತ್ತಾರೆ. ಅದು 0.01 ಮೈಕ್ರೊಫ್ಯಾರಡ್, ಗ್ರಿಡ್ಡಿನ ರೆಸಿಸ್ಟರು 4,70,000 ಓಮ್ ಆಗಿದ್ದರೆ, ಸೆಕೆಂಡಿಗೆ 34 ಕಂಪನಗಳವರೆಗೂ ಅದು ದಾರಿ ಬಿಡುತ್ತದೆ. ನಿಜವಾದ ಅಡ್ಡಿ ಕಬ್ಬಿಣದಲ್ಲಿದೆ, ಎಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ. ಒಂದೇ ವಾಲ್ವಿನ ಯಂತ್ರದಲ್ಲಿ ಪ್ಲೇಟಿನ ಕರೆಂಟು ಸದಾ ಅದರ ಸುತ್ತುಗಳಲ್ಲಿ ಹರಿಯುತ್ತಿರುವುದರಿಂದ ಸಣ್ಣ ಟ್ರಾನ್ಸ್‌ಫಾರ್ಮರು ಕೆಳಗಿನ ಸ್ವರಗಳನ್ನು ಹೊರಲಾರದು. ಅದರ ಇಂಡಕ್ಟೆನ್ಸು 5 ಹೆನ್ರಿಯಷ್ಟೇ ಇದ್ದರೆ ಸುಮಾರು 150 ಕಂಪನಗಳ ಕೆಳಗೆ ಧ್ವನಿಯು ಕುಗ್ಗುತ್ತದೆ. 20 ಹೆನ್ರಿಯಿದ್ದರೆ 40ರ ಹತ್ತಿರದವರೆಗೂ ನಿಲ್ಲುತ್ತದೆ.

ಈ ಕಲೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1947ರ ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಎಂಬವರು ಮನೆಯಲ್ಲಿ ಕಟ್ಟಬಹುದಾದ 15 ವಾಟಿನ ಧ್ವನಿವರ್ಧಕವೊಂದನ್ನು ವಿವರಿಸಿದರು. ಕೆಟಿ 66 ವಾಲ್ವುಗಳೆರಡನ್ನು ಎದುರುಬದುರಾಗಿ ಹೂಡಿದ್ದ ಅದರ ಕೀರ್ತಿಯು ದೇಶದೇಶಗಳಲ್ಲಿ ಹರಡಿತು. ಅದರ ಜೀವಾಳವೆಂದರೆ ಪದರಪದರವಾಗಿ ಸುತ್ತಿದ ಟ್ರಾನ್ಸ್‌ಫಾರ್ಮರು. 1951ರಲ್ಲಿ ಅಮೆರಿಕದ ಹ್ಯಾಫ್ಲರ್ ಮತ್ತು ಕೆರೋಸ್ ಎಂಬಿಬ್ಬರು ಟ್ರಾನ್ಸ್‌ಫಾರ್ಮರಿನ ಸುತ್ತುಗಳ ನಡುವಿನಿಂದ ತಂತಿಯೊಂದನ್ನು ತೆಗೆದು ವಾಲ್ವಿನ ಸ್ಕ್ರೀನಿಗೆ ಕೊಡುವ ‘ಅಲ್ಟ್ರಾ-ಲೀನಿಯರ್’ ಕ್ರಮವನ್ನು ಪ್ರಚುರಪಡಿಸಿದರು; ಮುಂದಿನ ವರ್ಷವೇ ವಿಲಿಯಮ್ಸನ್ನರ ಯಂತ್ರವನ್ನು ಈ ರೀತಿಗೆ ಮಾರ್ಪಡಿಸುವ ಬಗೆಯನ್ನೂ ಬರೆದರು. ಅಲ್ಲಿಯೂ ಬದಲಾದುದು ಟ್ರಾನ್ಸ್‌ಫಾರ್ಮರೇ. ವಿಲಿಯಮ್ಸನ್ನರ ಯಂತ್ರವು ಇನ್ನೊಂದು ಪಾಠವನ್ನೂ ಕಲಿಸಿತು. ಸ್ಪೀಕರಿಗೆ ಹೋಗುವ ಧ್ವನಿಯ ಒಂದಂಶವನ್ನು ವಿಲೋಮವಾಗಿ ಮೊದಲಿಗೆ ಹಿಂದಿರುಗಿಸುವುದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ಅದಿರುವ ಯಂತ್ರದಲ್ಲಿ ಟ್ರಾನ್ಸ್‌ಫಾರ್ಮರನ್ನೋ ಕಂಡೆನ್ಸರನ್ನೋ ಮನಬಂದಂತೆ ಬದಲಾಯಿಸಿದರೆ ಅದು ತನ್ನಷ್ಟಕ್ಕೆ ತಾನೇ ‘ಡುಬುಡುಬು’ ಎಂದು ಬಡಿದುಕೊಳ್ಳತೊಡಗುತ್ತದೆ.

ಈಗ ಪತ್ರದ ಕಡೆಯಲ್ಲಿ ಅವರು ಪ್ರಾಸಂಗಿಕವಾಗಿ ಬರೆದಿರುವ ಮಾತೊಂದಕ್ಕೆ ಬರುತ್ತೇನೆ. ತಂದೆಯವರ ಕಾಲದ 3 ಓಮಿನ ಸ್ಪೀಕರು ಹರಿದುಹೋದುದರಿಂದ 8 ಓಮಿನದನ್ನು ಹಾಕಿಸಿದ್ದಾರಂತೆ. 3 ಓಮಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರಿಗೆ 8ನ್ನು ಸೇರಿಸಿದರೆ, ವಾಲ್ವಿಗೆ 5,000 ಓಮಾಗಿ ಕಾಣಬೇಕಾದುದು 13,000ವನ್ನು ಮೀರುತ್ತದೆ. ಇಂಡಕ್ಟೆನ್ಸು ಇದ್ದಷ್ಟೇ ಇದ್ದು, ಅದರ ಮೇಲಿನ ಭಾರ ಹೆಚ್ಚಿದಂತಾಗಿ, ಕೆಳಸ್ವರಗಳು ಇಮ್ಮಡಿ ಕುಗ್ಗುತ್ತವೆ, ಒರಟುತನವೂ ಬರುತ್ತದೆ. ತಂದೆಯವರ ಕೆಲಸದಲ್ಲಿ ಈ ದೋಷವಿರಲಿಲ್ಲ. ಆದುದರಿಂದ ಅವರು ಮಾಡತಕ್ಕ ಮೊದಲ ಮಾರ್ಪಾಟು ಇಷ್ಟೇ: ಅಂತಹುದೇ 8 ಓಮಿನ ಇನ್ನೊಂದು ಸ್ಪೀಕರನ್ನು ಸಮಾನಾಂತರವಾಗಿ ಜೋಡಿಸಲಿ, ಎರಡೂ ಸೇರಿ 4 ಓಮಾಗುತ್ತವೆ, ಅದು ಸಾಕಷ್ಟು ಹತ್ತಿರ. ಜೋಡಿಸುವಾಗ ಕೆಂಪು ಗುರುತು ಕೆಂಪಿಗೇ ಸೇರಬೇಕು. ಸ್ಪೀಕರನ್ನು ಕಳಚಿಟ್ಟು ಯಂತ್ರವನ್ನು ಒಂದು ಕ್ಷಣವೂ ನಡೆಸಕೂಡದು, ಟ್ರಾನ್ಸ್‌ಫಾರ್ಮರು ಸುಟ್ಟುಹೋದೀತು. ಹೀಗೆ ಮಾಡಿ ಒಂದು ವಾರ ಕೇಳಿದ ಮೇಲೆ, ಕ್ಯಾಥೋಡು, ಗ್ರಿಡ್ಡು, ಪ್ಲೇಟುಗಳ ವೋಲ್ಟೇಜುಗಳನ್ನು ಬರೆದು ಕಳುಹಿಸಿದರೆ, ಹೊಸ ಟ್ರಾನ್ಸ್‌ಫಾರ್ಮರು ಬೇಕೋ ಬೇಡವೋ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.