ಹಿತ್ತಿಲಿಗೂ ಒಂದಿಷ್ಟು ಕತ್ತಲೆ ಬೇಕು

ನಮ್ಮ ಮದುವೆಗಳಲ್ಲಿ ಅರುಂಧತಿ ನಕ್ಷತ್ರ ತೋರಿಸೋ ಶಾಸ್ತ್ರ ಇದೆಯಲ್ಲ, ಅದು ಈಗ ಪೂರ್ತಿ ನಂಬಿಕೆಯ ಮೇಲೆ ನಡೆಯೋ ಶಾಸ್ತ್ರ. ಮಟಮಟ ಮಧ್ಯಾಹ್ನ ಪುರೋಹಿತರು ಮದುಮಕ್ಕಳನ್ನು ಕಲ್ಯಾಣ ಮಂಟಪದ ಬಾಗಿಲಿಗೆ ಕರೆದುಕೊಂಡು ಹೋಗಿ ಆಕಾಶದ ಕಡೆ ಕೈ ತೋರಿಸುತ್ತಾರೆ. "ಕಾಣಿಸ್ತಾ?" ಅಂತಾರೆ. ಇಬ್ಬರೂ "ಹೂಂ" ಅಂತಾರೆ. ಫೋಟೋದವನು ಕ್ಲಿಕ್ ಮಾಡುತ್ತಾನೆ. ಮುಗೀತು!

ಹಗಲು ಹೊತ್ತು ನಕ್ಷತ್ರ ಕಾಣೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ತಮಾಷೆ. ಆದರೆ ಅದೇ ಜೋಡಿಯನ್ನು ಅವತ್ತೇ ರಾತ್ರಿ ಮುಂಬೈ, ಪುಣೆ ಅಥವಾ ಹೈದರಾಬಾದಿನ ನಡುಮಧ್ಯೆ, ಮೋಡ ಇಲ್ಲದ ಆಕಾಶದ ಕೆಳಗೆ ನಿಲ್ಲಿಸಿದರೂ ಉತ್ತರ ಬದಲಾಗೋದಿಲ್ಲ. ಏಪ್ರಿಲ್-ಮೇ ಮದುವೆ ಸೀಸನ್ನಿನಲ್ಲಿ ಸಪ್ತರ್ಷಿ ಮಂಡಲ ರಾತ್ರಿ ಒಂಬತ್ತಕ್ಕೆಲ್ಲ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ, ನೋಡೋದಕ್ಕೆ ಅದಕ್ಕಿಂತ ಒಳ್ಳೇ ಕಾಲ ಇಲ್ಲ. ಆದರೂ ಅರುಂಧತಿ ಕಾಣೋದಿಲ್ಲ.

ಯಾಕೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. ನಕ್ಷತ್ರದ ಹೊಳಪನ್ನು ಅಳೆಯೋ ಪದ್ಧತಿಯಲ್ಲಿ ಅಂಕಿ ದೊಡ್ಡದಾದಷ್ಟೂ ಹೊಳಪು ಕಡಿಮೆ. ವಸಿಷ್ಠನ ಹೊಳಪು 2ರ ಆಸುಪಾಸು, ಪಕ್ಕದಲ್ಲಿರೋ ಅರುಂಧತಿಯದು 4. ನಿಜವಾದ ಕತ್ತಲಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ. ದೊಡ್ಡ ಊರಿನ ಮಧ್ಯದಲ್ಲಿ 3 ದಾಟಿದರೆ ಪುಣ್ಯ. ಸಪ್ತರ್ಷಿಗಳಲ್ಲೇ ಮಂಕಾಗಿರೋ ಅತ್ರಿಗೆ 3.3, ಹಾಗಾಗಿ ಎಷ್ಟೋ ರಾತ್ರಿ ಏಳು ಜನರಲ್ಲಿ ಆರೇ ಜನ ಹಾಜರಿ!

ನಾನು ಪುಣೆಗೆ ಬಂದು ಇಪ್ಪತ್ತೈದು ವರ್ಷ ದಾಟಿದೆ. ಮನೆ ಹಿಂದೆ ಪುಟ್ಟ ಹಿತ್ತಿಲು. ಅಲ್ಲಿ ಒಂದು ನಿಂಬೆ ಗಿಡ, ಬಟ್ಟೆ ಒಣಗಿಸೋ ತಂತಿ, ಅದರ ಮಧ್ಯೆ ನನ್ನ ಆರು ಇಂಚಿನ ಟೆಲಿಸ್ಕೋಪು. ಹಿಂದಿನ ರಸ್ತೆಯ ಕಂಬದಲ್ಲಿ ಮೊದಲು ಹಳದಿ ಸೋಡಿಯಂ ದೀಪ ಇತ್ತು. ಅದನ್ನು ತೆಗೆದು ಬಿಳೀ ಎಲ್‌ಇಡಿ ಹಾಕಿದ ಮೇಲೆ ರಾತ್ರಿ ಹನ್ನೊಂದಕ್ಕೂ ನಿಂಬೆ ಗಿಡದ ಎಲೆ ಎಣಿಸಬಹುದು. ರಸ್ತೆಗೆ ಅಂತ ಹಾಕಿದ ದೀಪ ನನ್ನ ಹಿತ್ತಿಲಿಗೆ ಯಾಕೆ ಬರಬೇಕು ಅನ್ನೋದು ನನ್ನ ಪ್ರಶ್ನೆ.

ಹಾಗಂತ ಎಲ್‌ಇಡಿ ಮೇಲೆ ನನಗೆ ಸಿಟ್ಟಿಲ್ಲ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬೀದಿ ದೀಪಗಳ ರಾಷ್ಟ್ರೀಯ ಯೋಜನೆ ಶುರು ಮಾಡಿತು, ಅದರಡಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಎಲ್‌ಇಡಿ ಬೀದಿ ದೀಪ ಬಂದವು. ಕರೆಂಟು ಉಳಿಯಿತು, ಒಳ್ಳೇದೇ. ನಿಜ ಹೇಳಬೇಕು ಅಂದರೆ ಬೆಳಕನ್ನು ಬೇಕಾದ ಕಡೆಗೇ ಬೀಳುವ ಹಾಗೆ ತಿರುಗಿಸೋದು ಎಲ್‌ಇಡಿಯಲ್ಲೇ ಸುಲಭ. ಹಳೇ ಸೋಡಿಯಂ ಬಲ್ಬು ಎಲ್ಲಾ ದಿಕ್ಕಿಗೂ ಬೆಳಕು ಚೆಲ್ಲುತ್ತಿತ್ತು.

ತೊಂದರೆ ಇರೋದು ಎರಡು ಕಡೆ. ಒಂದು, ದೀಪವನ್ನು ನೆಲಕ್ಕೆ ಮುಖ ಮಾಡಿ ಕೂರಿಸುವ ಬದಲು ಮೇಲಕ್ಕೆ ಓರೆಯಾಗಿ ಕೂರಿಸುತ್ತಾರೆ. ದೂರದವರೆಗೂ ಬೆಳಕು ಹೋಗಲಿ ಅನ್ನೋ ಲೆಕ್ಕ. ಹೋಗೋದು ಎದುರು ಮನೆಯ ಬೆಡ್‌ರೂಮಿಗೆ ಮತ್ತು ಆಕಾಶಕ್ಕೆ. ಎರಡು, ಬಣ್ಣ. ಈ ಬಿಳೀ ದೀಪದಲ್ಲಿ ನೀಲಿ ಬೆಳಕು ಜಾಸ್ತಿ, ಅದರ ತರಂಗಾಂತರ 450 ನ್ಯಾನೋಮೀಟರಿನ ಸುತ್ತಮುತ್ತ. ಸೋಡಿಯಂನ ಹಳದಿಯದು 589. ಗಾಳಿಯಲ್ಲಿ ಬೆಳಕು ಚದುರೋದು ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿ. ಅಂದರೆ ನೀಲಿ ಬೆಳಕು ಹಳದಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರುತ್ತದೆ. ಹಗಲಲ್ಲಿ ಆಕಾಶ ನೀಲಿಯಾಗಿ ಕಾಣೋದಕ್ಕೂ ಇದೇ ಕಾರಣ. ಇನ್ನೊಂದು ಕಷ್ಟ ಅಂದರೆ, ಸೋಡಿಯಂ ಬೆಳಕನ್ನು ಟೆಲಿಸ್ಕೋಪಿಗೆ ಫಿಲ್ಟರ್ ಹಾಕಿ ಸ್ವಲ್ಪಮಟ್ಟಿಗೆ ತಡೆಯಬಹುದಿತ್ತು. ಎಲ್‌ಇಡಿಯ ಬೆಳಕು ಎಲ್ಲಾ ಬಣ್ಣಗಳಲ್ಲೂ ಹರಡಿಕೊಂಡಿರೋದರಿಂದ ಅದನ್ನು ಮಾತ್ರ ಸೋಸಿ ತೆಗೆಯೋದು ಆಗದ ಮಾತು.

ಇದನ್ನೆಲ್ಲ ಹೇಳಿದರೆ ಗೆಳೆಯರ ಉತ್ತರ ಒಂದೇ: "ನಕ್ಷತ್ರ ನೋಡಬೇಕು ಅಂದ್ರೆ ಊರಾಚೆ ಹೋಗಪ್ಪ."

ಹೋಗಬಹುದು. ಮುಂಬೈಯವರು ಕರ್ಜತ್ ಹಾದಿಯ ವಾಂಗಣಿಗೆ ಹೋಗಿ ರಾತ್ರಿಯಿಡೀ ಕೂತು ಬರುತ್ತಾರೆ. ನಾಗಪುರದ ಆಚೆ ಪೆಂಚ್ ಹುಲಿ ಅಭಯಾರಣ್ಯಕ್ಕೆ 2024ರ ಜನವರಿಯಲ್ಲಿ ಭಾರತದ ಮೊದಲ 'ಡಾರ್ಕ್ ಸ್ಕೈ ಪಾರ್ಕ್' ಅನ್ನೋ ಮನ್ನಣೆ ಸಿಕ್ಕಿತು. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾಯಿತು. ಅಲ್ಲಿಯ ವೀಕ್ಷಣಾಲಯ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಆ ಟೆಲಿಸ್ಕೋಪನ್ನು ನಡೆಸೋದು ಎಲ್ಲಿಂದ ಗೊತ್ತಾ? ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ!

ಇವೆಲ್ಲ ಆಗಬೇಕಾದ ಕೆಲಸಗಳೇ. ವಿಜ್ಞಾನಿಗಳಿಗೆ ಹಾನ್ಲೆ ಬೇಕೇ ಬೇಕು. ನನ್ನ ತಕರಾರು ಇರೋದು ಬೇರೆ ಕಡೆ. ಹುಲಿಗೆ ಅಂತ ಒಂದು ಅಭಯಾರಣ್ಯ ಮಾಡೋದು ಸರಿ, ಯಾಕೆಂದರೆ ಹುಲಿ ನಮ್ಮ ಹಿತ್ತಿಲಲ್ಲಿ ಓಡಾಡಲಿ ಅಂತ ಯಾರೂ ಕೇಳೋದಿಲ್ಲ. ನಕ್ಷತ್ರ ಹಾಗಲ್ಲ. ಅದು ಹಿತ್ತಿಲಿಗೇ ಸೇರಿದ್ದು. ನೀರು ಸೇದೋಕೆ ಹೋದವರು, ಅಂಗಳದಲ್ಲಿ ಚಾಪೆ ಹಾಸಿ ಮಲಗಿದವರು ಸುಮ್ಮನೆ ತಲೆ ಎತ್ತಿ ನೋಡುತ್ತಿದ್ದದ್ದು. ಪುಣೆಯಿಂದ ಪೆಂಚ್‌ಗೆ ಏನಿಲ್ಲ ಅಂದರೂ ಏಳುನೂರು ಕಿಲೋಮೀಟರಿನ ಮೇಲೆ. ಕಾರು, ರಜೆ, ರೆಸಾರ್ಟಿನ ದುಡ್ಡು ಇದ್ದವರಿಗೆ ಮಾತ್ರ ಆಕಾಶ ಅಂತಾದರೆ, ಕಾರಿಲ್ಲದವರ ಮಕ್ಕಳು ಏನು ನೋಡಬೇಕು?

ಈ ಬಗ್ಗೆ ನನಗೆ ಎದುರಾದ ಗಟ್ಟಿ ಪ್ರಶ್ನೆ ಬಂದದ್ದು ಪಕ್ಕದ ಮನೆಯ ಕಾಕೂ ಅವರಿಂದ. ದೀಪದ ವಿಷಯ ತೆಗೆದಾಗ ಅವರು ನೇರವಾಗಿ ಕೇಳಿದರು. "ನಮ್ಮ ಹುಡುಗಿ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬರ್ತಾಳೆ. ನಿಮ್ಮ ನಕ್ಷತ್ರಕ್ಕೋಸ್ಕರ ಅವಳು ಕತ್ತಲಲ್ಲಿ ನಡೆದು ಬರಬೇಕಾ?"

ಈ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿ ಮಾತಾಡೋ ನಕ್ಷತ್ರಪ್ರೇಮಿಗಳ ಜೊತೆ ನಾನಿಲ್ಲ. ರಾತ್ರಿ ಒಬ್ಬಳೇ ನಡೆದು ಬರೋ ಹುಡುಗಿಯ ಭಯ ನನ್ನ ಹವ್ಯಾಸಕ್ಕಿಂತ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೀಪ ಕಣ್ಣಿಗೆ ಹೊಡೆಯೋದಕ್ಕೂ ದಾರಿ ಕಾಣೋದಕ್ಕೂ ವ್ಯತ್ಯಾಸ ಇದೆ. ಅವತ್ತು ರಾತ್ರಿ ಕಾಕೂ ಅವರಿಗೆ ಗೇಟಿನ ಹತ್ತಿರ ನಿಂತು ಅಂಗೈ ಅಡ್ಡ ಹಿಡಿದು ದೀಪವನ್ನು ಮಾತ್ರ ಮರೆ ಮಾಡಿ ನೋಡಿ ಅಂದೆ. ಕೈ ಅಡ್ಡ ಇಟ್ಟಾಗ ಮರದ ಬುಡದಲ್ಲಿ ನಿಲ್ಲಿಸಿದ್ದ ಸ್ಕೂಟರ್, ಅದರ ಆಚೆಯ ಕಾಂಪೌಂಡು ಎಲ್ಲ ಸ್ಪಷ್ಟ. ಕೈ ತೆಗೆದರೆ ಮತ್ತೆ ಕಪ್ಪು. ಪ್ರಖರ ದೀಪ ನೇರ ಕಣ್ಣಿಗೆ ಬಿದ್ದಾಗ ಅದರ ಪಕ್ಕದ ನೆರಳು ಇನ್ನಷ್ಟು ಕಪ್ಪಾಗುತ್ತದೆ. ಆ ನೆರಳಲ್ಲಿ ಯಾರಾದರೂ ನಿಂತಿದ್ದರೆ ಹುಡುಗಿಗೆ ಅವರು ಕಾಣೋದಿಲ್ಲ, ಅವರಿಗೆ ಹುಡುಗಿ ಕಾಣುತ್ತಾಳೆ. ಕಾಕೂ ಎರಡು ಸಲ ಕೈ ಅಡ್ಡ ಹಿಡಿದು ನೋಡಿದರು. ನಿಮ್ಮ ಬೀದಿಯಲ್ಲೂ ಇವತ್ತೇ ಮಾಡಿ ನೋಡಿ.

ಹಾಗಾಗಿ ನಾವು ಕೇಳಬೇಕಾದ್ದು "ದೀಪ ತೆಗೀರಿ" ಅಂತ ಅಲ್ಲ. ಮೂರೇ ಮಾತು: ದೀಪದ ಮುಖ ನೆಲಕ್ಕಿರಲಿ, ಮನೆಗಳ ಕಡೆಗೆ ಒಂದು ಮರೆ ಇರಲಿ, ಬಣ್ಣ 3,000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯ ಬೆಚ್ಚಗಿನ ಹಳದಿ ಇರಲಿ. ಇದು ಆಗದ ಮಾತೇನೂ ಅಲ್ಲ. ಫ್ರಾನ್ಸಿನಲ್ಲಿ 2018ರ ಡಿಸೆಂಬರಿನ ಆದೇಶ ಹೊರಾಂಗಣ ದೀಪಗಳಿಗೆ ಇದೇ 3,000 ಕೆಲ್ವಿನ್ ಮಿತಿ ಹಾಕಿತು. ನಮ್ಮಲ್ಲಿ ಶಬ್ದಕ್ಕೆ 2000ನೇ ಇಸವಿಯ ನಿಯಮಗಳಿವೆ, ರಾತ್ರಿ ಹತ್ತರ ಮೇಲೆ ಲೌಡ್‌ಸ್ಪೀಕರ್ ಹಾಕಿದರೆ ಪೊಲೀಸರಿಗೆ ಫೋನ್ ಮಾಡಬಹುದು. ಕಿಟಕಿಯಿಂದ ಒಳಗೆ ನುಗ್ಗೋ ಬೆಳಕಿಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ನಿಯಮ ಇಲ್ಲ. ಸೊಸೈಟಿಗಳ ಫ್ಲಡ್‌ಲೈಟು, ಕೆಳಗಿನಿಂದ ಮೇಲಕ್ಕೆ ಬೆಳಕು ಬಿಡೋ ಹೋರ್ಡಿಂಗು, ಮಧ್ಯರಾತ್ರಿವರೆಗೂ ಉರಿಯೋ ಬಾಕ್ಸ್ ಕ್ರಿಕೆಟ್ಟಿನ ಟರ್ಫು... ಇವಕ್ಕೆ ಹೋಲಿಸಿದರೆ ಬೀದಿ ದೀಪವೇ ಎಷ್ಟೋ ಸಭ್ಯ!

ನಮ್ಮ ಬೀದಿಯ ಕಥೆ ಹೇಳಿಬಿಡುತ್ತೇನೆ. ಒಂಬತ್ತು ಮನೆಯವರ ಸಹಿ ಹಾಕಿಸಿ ಒಂದು ಅರ್ಜಿ ಕೊಟ್ಟೆವು. ಮೊದಲ ಸಹಿ ಕಾಕೂ ಅವರದ್ದೇ. ಬೆಳಕು ಕಣ್ಣಿಗೆ ಹೊಡೆಯುತ್ತದೆ, ನಿದ್ದೆ ಬರೋದಿಲ್ಲ, ಗೇಟಿನ ಹತ್ತಿರ ನೆರಳು ಅಂತ ಬರೆದೆವು. ನಕ್ಷತ್ರ ಅನ್ನೋ ಪದವನ್ನು ಬೇಕಂತಲೇ ಹಾಕಲಿಲ್ಲ. ಓಡಾಟ ಬೇಕಾಯಿತು, ತಿಂಗಳುಗಳು ಹಿಡಿದವು. ಕೊನೆಗೊಂದು ದಿನ ವೈರ್‌ಮನ್ ಏಣಿ ತಂದು ನಟ್ ಸಡಿಲಿಸಿ ದೀಪವನ್ನು ಕೆಳಕ್ಕೆ ಬಗ್ಗಿಸಿ, ಮನೆಗಳ ಕಡೆಗೆ ಒಂದು ತಗಡಿನ ಮರೆ ಹಾಕಿ ಹೋದ. ಏಣಿ ಹತ್ತಿ ಇಳಿಯೋದಕ್ಕೆ ಇಪ್ಪತ್ತು ನಿಮಿಷ. ರಸ್ತೆಗೆ ಮೊದಲಿಗಿಂತ ಒಳ್ಳೇ ಬೆಳಕು, ಹಿತ್ತಿಲಿಗೆ ಕತ್ತಲೆ. ಕಾಕೂ ಮನೆ ಹುಡುಗಿಯದ್ದೂ ತಕರಾರಿಲ್ಲ.

ನೇರ ಬೆಳಕು ಹೋದದ್ದರಿಂದ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ, ಅದಕ್ಕೆ ಇಪ್ಪತ್ತು-ಮೂವತ್ತು ನಿಮಿಷ ಬೇಕು. ಕಂಬ ಬಗ್ಗದ ಊರಿನವರು ನೀರಿನ ಟ್ಯಾಂಕಿನ ನೆರಳಲ್ಲಿ ನಿಲ್ಲಿ, ಎರಡು ಬಿದಿರು ಕೋಲಿಗೆ ಶೇಡ್ ನೆಟ್ ಕಟ್ಟಿ, ಟೆಲಿಸ್ಕೋಪಿನ ಜೊತೆ ತಲೆಗೂ ಸೇರಿಸಿ ಕಪ್ಪು ಬಟ್ಟೆ ಹೊದ್ದುಕೊಳ್ಳಿ (ಅಕ್ಕಪಕ್ಕದವರು ನಕ್ಕರೆ ನಗಲಿ). ಚಂದ್ರ, ಗುರು, ಶನಿಗೆ ಯಾವ ಬೀದಿ ದೀಪದ ಹಂಗೂ ಇಲ್ಲ. 10x50 ಬೈನಾಕ್ಯುಲರ್ ಇದ್ದರೆ ಊರೊಳಗಿಂದಲೂ ಅರುಂಧತಿ ಸಿಗುತ್ತಾಳೆ.

ಆದರೆ ಆ ಅರ್ಜಿಯ ಜಾಣತನ ನನಗೆ ಇನ್ನೂ ಚುಚ್ಚುತ್ತದೆ. ನಿದ್ದೆ, ಕರೆಂಟು, ಸುರಕ್ಷತೆ ಎಲ್ಲ ನಿಜವಾದ ಕಾರಣಗಳೇ. ಆದರೂ ನಕ್ಷತ್ರ ನೋಡಬೇಕು ಅನ್ನೋದನ್ನು ಮುಚ್ಚಿಟ್ಟರೇನೇ ಕೆಲಸ ಆಗೋದು ಅನ್ನೋ ಸ್ಥಿತಿ ಯಾಕೆ? ಊರಿಗೆ ಪಾರ್ಕು ಬೇಕು ಅಂತ ಕೇಳೋದಕ್ಕೆ ಯಾರೂ ನಾಚಿಕೆಪಡೋದಿಲ್ಲ. ಕೆರೆ ಉಳಿಸಿ ಅಂತ ಬೋರ್ಡು ಹಿಡಿದು ನಿಲ್ಲುತ್ತೇವೆ. ಆಕಾಶ ಬೇಕು ಅಂದರೆ ಮಾತ್ರ ಕೆಲಸವಿಲ್ಲದವರ ಮಾತು ಅನ್ನಿಸುತ್ತದೆ.

2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2011ರಿಂದ 2022ರವರೆಗೆ ಜಗತ್ತಿನಾದ್ಯಂತ ಸಾಮಾನ್ಯ ಜನ ಬರಿಗಣ್ಣಿನಿಂದ ನೋಡಿ ಕಳಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವರದಿಗಳನ್ನು ಲೆಕ್ಕ ಹಾಕಿದರು. ರಾತ್ರಿ ಆಕಾಶದ ಬೆಳಕು ಸರಾಸರಿ ವರ್ಷಕ್ಕೆ 9.6 ಪರ್ಸೆಂಟ್ ಏರುತ್ತಿದೆ ಅಂತ ತಿಳಿಯಿತು. ಈ ವೇಗದಲ್ಲಿ ಹೋದರೆ, 250 ನಕ್ಷತ್ರ ಕಾಣುವ ಜಾಗದಲ್ಲಿ ಹುಟ್ಟಿದ ಮಗುವಿಗೆ ಹದಿನೆಂಟು ತುಂಬೋ ಹೊತ್ತಿಗೆ ಕಾಣೋದು ಸುಮಾರು 100. ಮಿಕ್ಕವು ಹೋದದ್ದು ಆ ಮಗುವಿಗೆ ಗೊತ್ತೂ ಆಗೋದಿಲ್ಲ, ನಿಧಾನವಾಗಿ ಹೋಗುತ್ತವಲ್ಲ.

ಹೊರನಾಡಿನಲ್ಲಿ ಮಕ್ಕಳು ಕನ್ನಡ ಮರೀತಾರೆ ಅಂತ ಕೊರಗುವ ನಮಗೆ ಈ ನಿಧಾನದ ಅರ್ಥ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಕೃತ್ತಿಕೆ, ರೋಹಿಣಿ, ಮೃಗಶಿರ ಅನ್ನೋ ಹೆಸರುಗಳು ಪಂಚಾಂಗದಲ್ಲಿ, ಮಕ್ಕಳ ಜಾತಕದಲ್ಲಿ ಭದ್ರವಾಗಿವೆ. "ಕೃತ್ತಿಕಾ ಅಂದ್ರೆ ಯಾವುದಪ್ಪಾ, ತೋರಿಸು" ಅಂತ ಮಗು ಕೇಳಿದರೆ ಕೈ ಎತ್ತಿ ತೋರಿಸೋಕೆ ಆಕಾಶ ಇರಬೇಕು.

ನಮ್ಮ ಸೊಸೈಟಿಯ ಮುಂದಿನ ಮೀಟಿಂಗಿನಲ್ಲಿ ಟೆರೇಸಿನ ಫ್ಲಡ್‌ಲೈಟಿನ ವಿಷಯ ಬರಲಿದೆ. ಈ ಸಲದ ಅರ್ಜಿಯಲ್ಲಿ ನಕ್ಷತ್ರ ಅನ್ನೋ ಪದ ಮೊದಲ ಸಾಲಿನಲ್ಲೇ ಇರುತ್ತದೆ. ನೀವೂ ಚಳಿಗಾಲದ ಒಂದು ರಾತ್ರಿ ನಿಮ್ಮ ಗಚ್ಚಿಯ ಮೇಲೆ ಅರ್ಧ ಗಂಟೆ ನಿಂತು, ಕೃತ್ತಿಕೆಯ ಗುಂಪಿನಲ್ಲಿ ಎಷ್ಟು ಚುಕ್ಕಿ ಕಾಣುತ್ತವೆ ಎಣಿಸಿ ತಿಳಿಸಿ. ಆರು ಕಂಡರೆ ನಿಮ್ಮದು ಭಾಗ್ಯದ ಊರು. ಒಂದೂ ಕಾಣದಿದ್ದರೆ ಎದುರಿನ ಕಂಬ ಯಾವ ಕಡೆ ಮುಖ ಮಾಡಿದೆ ಅಂತ ಒಮ್ಮೆ ನೋಡಿ.