ಅಬ್ಬರಿಸುವ ಹಾಡು, ಅಳದ ಹಾಡು

ಹೆಗ್ಗದ್ದೆಯಂಥ ಮಲೆನಾಡಿನ ಊರುಗಳಲ್ಲೂ ಮದುವೆಗೆ ಡಿಜೆ ಇರಲಿ, ಸೋಬಾನೆ ಪದ ಅಜ್ಜಿಯರಿಗಿರಲಿ ಎನ್ನುವವರು ಸಿಗುತ್ತಾರೆ. ಸದ್ದು ಹೆಚ್ಚಿದಷ್ಟೂ ಭಾವ ಹೆಚ್ಚು ಎಂಬ ನಂಬಿಕೆ ಇದರ ಹಿಂದಿದೆ. ನನಗದು ಒಪ್ಪಿಗೆಯಿಲ್ಲ. ಡಿಜೆಯಾಗಲಿ, ರಾಕ್ ಆಗಲಿ ಮೈ ಕುಣಿಸುತ್ತದೆ, ನಿಜ. ಮನಸ್ಸಿನಲ್ಲಿ ಬೇರುಬಿಡುವುದು ಮಾತ್ರ ಒಂದು ಜೀವದ ಕಥೆಯನ್ನು ದನಿ ಏರಿಸದೆ ಹೇಳುವ ಪದ. ನಮ್ಮ ಜನಪದ ಕಥನಗೀತೆ ‘ಕೆರೆಗೆ ಹಾರ’ವನ್ನೇ ನೋಡಿ. ಕೆರೆಗೆ ಬಲಿಯಾಗಲಿರುವ ಕಿರಿಸೊಸೆ ಭಾಗೀರಥಿ ತವರಿಗೆ ಹೋದರೂ ಹೆತ್ತವರಿಗೆ ನಿಜ ಹೇಳುವುದಿಲ್ಲ, ಗೆಳತಿಗಷ್ಟೇ ಹೇಳುತ್ತಾಳೆ. ಕೊನೆಗೆ ಬಂಗಾರದ ಬಟ್ಟಲು ತರಲು ಕೆರೆಗೆ ಮರಳಿ ಇಳಿದವಳು ಮೆಟ್ಟಿಲು ಹತ್ತಿದಂತೆ ನೀರು ಪಾದಕ್ಕೆ, ನಡುವಿಗೆ ಏರುತ್ತದೆ. ಹಾಡು ಗೋಳಾಡುವುದೇ ಇಲ್ಲ, ಮೆಟ್ಟಿಲು ಎಣಿಸುತ್ತದೆ. ಕಣ್ಣೀರು ಕೇಳುಗನದು.

ಅಮೆರಿಕದ ಕಂಟ್ರಿ ಸಂಗೀತದ ಗುಟ್ಟೂ ಇದೇ. 1953ರಲ್ಲಿ, 29ನೇ ವಯಸ್ಸಿಗೇ ತೀರಿಕೊಂಡ ಹ್ಯಾಂಕ್ ವಿಲಿಯಮ್ಸ್ ಒಂಟಿತನವನ್ನು ಹಾಡಿದ್ದು ಆಡುಮಾತಿನಲ್ಲೇ. ರಾಕ್‌ಗೂ ಕಂಟ್ರಿಗೂ ಹುಟ್ಟಿನ ನಂಟಿದೆ: 1954ರಲ್ಲಿ ಬಂದ ಎಲ್ವಿಸ್ ಪ್ರೀಸ್ಲಿಯ ಮೊದಲ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಬ್ಲೂಸ್, ಇನ್ನೊಂದು ಬದಿಗೆ ಕಂಟ್ರಿ ಮೂಲದ ಹಾಡು. ಹಾಗಾದರೆ ರಾಕ್‌ನಲ್ಲಿ ಭಾವವಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ರಾಕ್ ತಂಡವನ್ನು ಕೇಳಲು ನೆರೆದವರು ಸುಮ್ಮನೆ ಬಂದವರಲ್ಲ. ಆದರೆ ಅದು ಗುಂಪಿನಲ್ಲಿ ಒಬ್ಬನಾಗುವ ಉಮೇದು. ಮನೆಯಲ್ಲಿ ಒಬ್ಬರೇ ಕೂತಾಗ ಬೇಕಾಗುವುದು ಬೇರೆ. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಶರೀಫರನ್ನು ಯುವಕರಿಗೆ ಮುಟ್ಟಿಸಲಿಲ್ಲವೇ ಎಂಬ ಪ್ರಶ್ನೆ ಇನ್ನೂ ಗಟ್ಟಿಯದು. ಮುಟ್ಟಿಸಿದರು. ಆದರೆ ಸಿ. ಅಶ್ವತ್ಥ್ ಅವರ ಸುಗಮ ಸಂಗೀತದಲ್ಲೂ ಅದೇ ಶರೀಫರು ಗೆದ್ದಿದ್ದರಲ್ಲ! ವಾದ್ಯ ಬದಲಾದರೂ ನಾಟಿದ್ದು ತತ್ವಪದದ ಸರಳ ಮಾತು.

ಬೀಸುಕಲ್ಲಿನ ಮುಂದೆ ಹಾಡಿದ ಇಂಥ ಪದಗಳನ್ನು ಹೊಗಳುವುದು ಹೆಂಗಸರ ದುಡಿಮೆಯನ್ನು ಚಂದಗಾಣಿಸುವ ಹಳಹಳಿಕೆ ಎನ್ನುವವರ ಆಕ್ಷೇಪದಲ್ಲಿ ಹುರುಳಿದೆ. ಆದರೆ ‘ಕೆರೆಗೆ ಹಾರ’ದ ಸೊಸೆಯ ಬಲಿಯನ್ನು ತ್ಯಾಗವೆಂದು ಕೊಂಡಾಡಿದ್ದು ನಮ್ಮ ಪಠ್ಯ, ಭಾಷಣಗಳು. ಹಾಡಿನೊಳಗೆ ಗಂಡನೂ ಅದೇ ಕೆರೆಗೆ ಹಾರುತ್ತಾನೆ. ಇದನ್ನು ಮಹಿಮೆ ಎನ್ನಲಾರೆ, ದೂರು ಎನ್ನುತ್ತೇನೆ. 1931ರಲ್ಲಿ ಹಲಸಂಗಿ ಗೆಳೆಯರು ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಅಚ್ಚು ಹಾಕಿಸದಿದ್ದರೆ ಉತ್ತರ ಕರ್ನಾಟಕದ ಎಷ್ಟೋ ಹೆಣ್ಣುಮಕ್ಕಳ ಇಂಥ ದನಿ ಕಳೆದುಹೋಗುತ್ತಿತ್ತು. ಮದುವೆಗೆ ಡಿಜೆ ಬರಲಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಅರ್ಧ ಗಂಟೆ ಅಜ್ಜಿಯರಿಗೆ ಹಾಡಲು ಬಿಡಿ, ಕೈಯಲ್ಲಿರುವ ಮೊಬೈಲಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಳ್ಳಿ.